ಮಕ್ಕಳು ಕಾಲುಭಾಗಕ್ಕೂ ಹೆಚ್ಚು, ಶಿಕ್ಷಕರು ಹತ್ತಕ್ಕೆ ಒಬ್ಬರೂ ಇಲ್ಲ: ಅಮೆರಿಕದ ಶಾಲೆ, ಕಚೇರಿಗಳಲ್ಲಿ ಲ್ಯಾಟಿನೋ ಪ್ರಾತಿನಿಧ್ಯ

ತುಂಗಾತೀರ (ಚರ್ಚೆ ಆರಂಭಿಸಿದವರು)

ಮಾನ್ಯ ಸದಸ್ಯರಿಗೆ ನಮಸ್ಕಾರ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ಮಕ್ಕಳ ಶಾಲೆಯ ವಿಷಯವೂ ಕಚೇರಿಯ ವಿಷಯವೂ ಬಂದೇ ಬರುತ್ತವೆ. ಇತ್ತೀಚಿನ ವರ್ಷಗಳಲ್ಲಿ ವೈವಿಧ್ಯದ ಮಾತೂ ಅವುಗಳ ಜೊತೆ ಸೇರಿಕೊಂಡಿದೆ. ಆದರೆ ಆ ಮಾತನ್ನು ಆಡುವಾಗ ನಾವು ಬಹುಪಾಲು ನಮ್ಮನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವೆ. ನಮ್ಮ ಮಕ್ಕಳ ಪಕ್ಕದಲ್ಲೇ ಕುಳಿತು ಓದುವ, ನಾವು ದುಡಿಯುವ ಕಟ್ಟಡಗಳಲ್ಲೇ ದುಡಿಯುವ ಲ್ಯಾಟಿನೋ ಜನರ, ಅಂದರೆ ಲ್ಯಾಟಿನ್ ಅಮೆರಿಕದ ಮೂಲದವರ, ಪ್ರಸ್ತಾಪ ಅಪರೂಪಕ್ಕೆ ಬರುತ್ತದೆ. ಅದನ್ನೇ ಮುಖ್ಯವಾಗಿಟ್ಟುಕೊಂಡು ಒಂದು ಚರ್ಚೆ ನಡೆಯಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿರುವ ಲ್ಯಾಟಿನೋ ಜನರ ಸಂಖ್ಯೆ ಸುಮಾರು 6 ಕೋಟಿ 21 ಲಕ್ಷ, ಅಂದರೆ ಒಟ್ಟು ಜನಸಂಖ್ಯೆಯ ಶೇಕಡ 18.7. ಕ್ಯಾಲಿಫೋರ್ನಿಯಾದಲ್ಲಿ ಅವರ ಪಾಲು ಶೇಕಡ 39.4, ಅಲ್ಲಿ ಅವರಿಗಿಂತ ದೊಡ್ಡ ಸಮುದಾಯ ಬೇರೊಂದಿಲ್ಲ. ಇಡೀ ದೇಶದ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಶೇಕಡ 28ರಷ್ಟು ಲ್ಯಾಟಿನೋ ಮಕ್ಕಳಿದ್ದಾರೆ. ಆದರೆ ಅದೇ ಶಾಲೆಗಳ ಶಿಕ್ಷಕರಲ್ಲಿ ಅವರ ಪಾಲು ಶೇಕಡ 9ರ ಆಸುಪಾಸಿನಲ್ಲಿದೆ. ಒಂದು ಸಮುದಾಯ ಶಾಲೆಯ ಬಾಗಿಲು ದಾಟಿ ಎರಡು ಮೂರು ತಲೆಮಾರು ಕಳೆದ ಮೇಲೂ ಅಂತರ ಇಷ್ಟಿರುವುದೇಕೆ ಎಂಬುದು ನನ್ನ ಪ್ರಶ್ನೆ.

ಬಾಗಿಲು ದಾಟಿದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮವರಲ್ಲಿ ಅನೇಕರು ಇದನ್ನು ಕೇಳಿಯೇ ಇಲ್ಲ. 1944ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್ ಎಂಬ ಊರಿನಲ್ಲಿ ಸೋಲೆದಾದ್ ವಿದೌರಿ ಎಂಬ ಮಹಿಳೆ ತಮ್ಮ ಮಕ್ಕಳನ್ನೂ ಸಹೋದರ ಗೊನ್ಸಾಲೊ ಮೆಂಡೆಸ್ ಅವರ ಮೂವರು ಮಕ್ಕಳನ್ನೂ ಕರೆದುಕೊಂಡು ಶಾಲೆಗೆ ಸೇರಿಸಲು ಹೋದರು. ವಿದೌರಿ ಅವರ ಮಕ್ಕಳ ಮೈಬಣ್ಣ ತಿಳಿಯಾಗಿತ್ತು, ಮನೆತನದ ಹೆಸರು ಮೆಕ್ಸಿಕೋದ್ದೆಂದು ತೋರುತ್ತಿರಲಿಲ್ಲ. ಅವರಿಗೆ ಪ್ರವೇಶ ಸಿಕ್ಕಿತು. ಎಂಟು ವರ್ಷದ ಸಿಲ್ವಿಯಾ ಮೆಂಡೆಸ್ ಮತ್ತು ಅವಳ ಇಬ್ಬರು ತಮ್ಮಂದಿರಿಗೆ ಮಾತ್ರ ಮೆಕ್ಸಿಕನ್ ಮಕ್ಕಳಿಗೆಂದೇ ಇದ್ದ ಹೂವರ್ ಶಾಲೆಗೆ ಹೋಗಿ ಎಂದರು. ಆ ಶಾಲೆಯ ಪಕ್ಕದಲ್ಲಿ ದನದ ಹುಲ್ಲುಗಾವಲು, ನಡುವೆ ವಿದ್ಯುತ್ ಹರಿಯುವ ತಂತಿಬೇಲಿ. ವಿದೌರಿ ತಮ್ಮ ಮಕ್ಕಳನ್ನೂ ಪ್ರವೇಶ ಸಿಕ್ಕ ಶಾಲೆಯಲ್ಲಿ ಬಿಡದೆ ಎಲ್ಲರನ್ನೂ ಮನೆಗೆ ಕರೆದುಕೊಂಡು ಬಂದರು.

ಮೆಂಡೆಸ್ ದಂಪತಿ ಇತರ ನಾಲ್ಕು ಕುಟುಂಬಗಳೊಡನೆ ಸೇರಿ ವೆಸ್ಟ್‌ಮಿನ್‌ಸ್ಟರ್, ಗಾರ್ಡನ್ ಗ್ರೋವ್, ಸಾಂತಾ ಆನಾ, ಎಲ್ ಮೊಡೆನಾ ಎಂಬ ನಾಲ್ಕು ಶಾಲಾ ಜಿಲ್ಲೆಗಳ (ಸ್ಥಳೀಯ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕಗಳ) ವಿರುದ್ಧ ಮೊಕದ್ದಮೆ ಹೂಡಿದರು. ಮೆಕ್ಸಿಕನ್ ಮಕ್ಕಳು ಶುಚಿತ್ವದಲ್ಲೂ ಸಾಮರ್ಥ್ಯದಲ್ಲೂ ಕೀಳು ಎಂದು ಗಾರ್ಡನ್ ಗ್ರೋವ್‌ನ ಶಾಲಾ ಅಧೀಕ್ಷಕರು ಪ್ರಮಾಣ ಮಾಡಿ ಸಾಕ್ಷ್ಯ ನುಡಿದರು. ಈ ಮಕ್ಕಳಿಗೆ ಇಂಗ್ಲಿಷ್ ಬಾರದು ಎಂಬ ವಾದಕ್ಕೆ ಉತ್ತರವಾಗಿ ಕ್ಯಾರಲ್ ಟೊರೆಸ್ ಎಂಬ 14 ವರ್ಷದ ಹುಡುಗಿ ಕಟಕಟೆಯಲ್ಲಿ ನಿಂತು ಇಂಗ್ಲಿಷಿನಲ್ಲೇ ಸಾಕ್ಷ್ಯ ಹೇಳಿದಳು. 1946ರಲ್ಲಿ ಜಿಲ್ಲಾ ನ್ಯಾಯಾಲಯವೂ 1947ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕುಟುಂಬಗಳ ಪರವಾಗಿ ತೀರ್ಪು ಕೊಟ್ಟವು. ಅದೇ ವರ್ಷ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದ ಅರ್ಲ್ ವಾರೆನ್, ಶಾಲೆಗಳಲ್ಲಿ ಮಕ್ಕಳನ್ನು ಬೇರ್ಪಡಿಸಲು ಅವಕಾಶ ಕೊಡುತ್ತಿದ್ದ ರಾಜ್ಯದ ಕಾನೂನನ್ನು ರದ್ದುಪಡಿಸುವ ಮಸೂದೆಗೆ ಸಹಿ ಹಾಕಿದರು. ಏಳು ವರ್ಷಗಳ ನಂತರ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, ಸರ್ಕಾರಿ ಶಾಲೆಗಳಲ್ಲಿ ಜನಾಂಗದ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದ ಬ್ರೌನ್ ಪ್ರಕರಣದ ತೀರ್ಪು ಬರೆದವರೂ ಅವರೇ. ಏಷ್ಯಾದ ಮಕ್ಕಳನ್ನು ಪ್ರತ್ಯೇಕ ಶಾಲೆಗೆ ಕಳಿಸಲು ಅವಕಾಶ ಕೊಟ್ಟಿದ್ದ ಕಲಮುಗಳೂ 1947ರಲ್ಲೇ ರದ್ದಾದವು ಎಂಬುದನ್ನು ಇಲ್ಲಿನ ಭಾರತೀಯ ತಂದೆತಾಯಂದಿರು ನೆನಪಿಡಬೇಕು.

ಅಂದು ಪ್ರವೇಶದ ಮೇಜಿನ ಹಿಂದೆ ಕುಳಿತವರಿಗೆ ಯಾವ ಮಗು ಎಲ್ಲಿ ಓದಬೇಕೆಂದು ತೀರ್ಮಾನಿಸುವ ಅಧಿಕಾರವಿತ್ತು. ಆ ಮಗುವಿನ ಮನೆಯ ಪರಿಚಯ ಇರಲಿಲ್ಲ. ಪ್ರಾತಿನಿಧ್ಯದ ಪ್ರಶ್ನೆ ನನ್ನ ಮಟ್ಟಿಗೆ ಅಲ್ಲಿಂದಲೇ ಹುಟ್ಟುತ್ತದೆ. ನಿಯಮ ಮಾಡುವವರಲ್ಲಿ, ಅಳೆಯುವವರಲ್ಲಿ, ಆಯ್ಕೆ ಮಾಡುವವರಲ್ಲಿ ಆ ನಿಯಮದ ಅಡಿಯಲ್ಲಿ ಬದುಕಿದವರು ಎಷ್ಟು ಮಂದಿ ಇದ್ದಾರೆ? ತಮ್ಮ ಅನುಭವ ಮತ್ತು ಅಭಿಪ್ರಾಯಗಳನ್ನು ದಯವಿಟ್ಟು ಹಂಚಿಕೊಳ್ಳಿ.

ಬಯಲುಸೀಮೆ

ತುಂಗಾತೀರ ಅವರೇ, ಈ ವಿಷಯ ಎತ್ತಿದ್ದಕ್ಕೆ ವಂದನೆಗಳು. ನಾನು ಫ್ರೆಸ್ನೋ ಸಮೀಪದ ಒಂದು ಪ್ರಾಥಮಿಕ ಶಾಲೆಯಲ್ಲಿ ತರಗತಿಯ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ಅಂತರ ಏಕೆ ಎಂಬ ತಮ್ಮ ಪ್ರಶ್ನೆಗೆ ಉತ್ತರ ನನಗೆ ಪ್ರತಿದಿನ ಕಣ್ಣೆದುರಿಗೇ ಕಾಣುತ್ತದೆ.

ನಮ್ಮ ಶಾಲೆಯಲ್ಲಿ ಲ್ಯಾಟಿನಾ ಮಹಿಳೆಯರು ಇಲ್ಲವೆಂದಲ್ಲ, ತುಂಬ ಮಂದಿ ಇದ್ದಾರೆ. ಅವರು ಸಹಾಯಕಿಯರು, ಅಡುಗೆಮನೆಯವರು, ಕಚೇರಿಯ ಗುಮಾಸ್ತೆಯರು, ಬಸ್ ಚಾಲಕರು. ಯಾವ ಮಗುವಿನ ತಂದೆ ದ್ರಾಕ್ಷಿ ಕೊಯ್ಲಿಗೆ ಬೆಳಗಿನ ಜಾವವೇ ಹೊರಡುತ್ತಾರೆ, ಯಾವ ಮಗುವಿನ ಮನೆಗೆ ಬರೆದ ಪತ್ರವನ್ನು ಓದಿ ಹೇಳಲು ಅಕ್ಕನೇ ಬೇಕು ಎಂಬುದು ಅವರಿಗೆ ಗೊತ್ತು. ಪೋಷಕರ ಸಭೆಯಲ್ಲಿ ಶಿಕ್ಷಕರ ಮಾತನ್ನು ಸ್ಪ್ಯಾನಿಷ್‌ನಲ್ಲಿ ತಿಳಿಸಿ ಹೇಳುವವರೂ ಅವರೇ. ಮಗುವನ್ನು ಯಾವ ಓದಿನ ಗುಂಪಿಗೆ ಹಾಕಬೇಕು, ವಿಶೇಷ ಶಿಕ್ಷಣದ ಪರೀಕ್ಷೆಗೆ ಕಳಿಸಬೇಕೇ ಎಂಬ ತೀರ್ಮಾನದ ಹೊತ್ತಿಗೆ ಮಾತ್ರ ಅವರು ಕೋಣೆಯಲ್ಲಿ ಇರುವುದಿಲ್ಲ. ಇದ್ದರೂ ದುಭಾಷಿಯಾಗಿ ಇರುತ್ತಾರೆ.

ಸಹಾಯಕಿ ಶಿಕ್ಷಕಿಯಾಗಲು ಏನು ಬೇಕೆಂದು ನೋಡಿ. ಮೊದಲು ಪದವಿ, ಅನಂತರ ಶಿಕ್ಷಕರ ಪರವಾನಗಿಯ ವ್ಯಾಸಂಗ. ಕ್ಯಾಲಿಫೋರ್ನಿಯಾದಲ್ಲಿ ಆ ವ್ಯಾಸಂಗದ ಭಾಗವಾಗಿ ಕನಿಷ್ಠ 600 ಗಂಟೆ ತರಗತಿಯ ತರಬೇತಿ ಪಡೆಯಬೇಕು. ಸಾಮಾನ್ಯವಾಗಿ ಅದಕ್ಕೆ ಸಂಬಳವಿಲ್ಲ. ಮನೆ ಬಾಡಿಗೆ ಕಟ್ಟಬೇಕಾದ, ಶಾಲೆಯ ಕೆಲಸದಿಂದಲೇ ಆರೋಗ್ಯ ವಿಮೆ ಪಡೆಯುವ ತಾಯಿಯೊಬ್ಬಳು ಇರುವ ಕೆಲಸ ಬಿಟ್ಟು ಅಷ್ಟು ತಿಂಗಳು ಸಂಬಳವಿಲ್ಲದೆ ದುಡಿಯುವುದು ಹೇಗೆ? ಇಂಥ ಶಾಲಾ ಸಿಬ್ಬಂದಿ ಶಿಕ್ಷಕರಾಗಲು ಹಣಕಾಸಿನ ನೆರವು ಕೊಡುವ ರಾಜ್ಯದ ಯೋಜನೆ ಇದೆ. ಅದರ ನೆರವಿನಿಂದ ಮೇಲೆ ಬಂದ ಶಿಕ್ಷಕಿಯರನ್ನು ನಾನು ನೋಡಿದ್ದೇನೆ, ಅವರ ತರಗತಿಗಳಲ್ಲಿ ನಿಂತು ಕೆಲಸ ಮಾಡಿದ್ದೇನೆ. ಇಂಥ ಯೋಜನೆ ಹತ್ತು ಪಟ್ಟು ದೊಡ್ಡದಾಗಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಕಾರಣವನ್ನು ರಾಜ್ಯವೇ ತನ್ನ ಕೈಯಾರೆ ಮಾಡಿಕೊಂಡಿತು. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಸ್ತಾವ 227ನ್ನು ಅಂಗೀಕರಿಸಿ, ದ್ವಿಭಾಷಾ ತರಗತಿಗಳಿಗೆ ಬಹುಮಟ್ಟಿಗೆ ಬೀಗ ಹಾಕಿದರು. ತರಗತಿಗಳೇ ಇಲ್ಲವೆಂದ ಮೇಲೆ ದ್ವಿಭಾಷಾ ಶಿಕ್ಷಕರನ್ನು ತಯಾರು ಮಾಡುವ ವಿಶ್ವವಿದ್ಯಾಲಯದ ವಿಭಾಗಗಳು ಸೊರಗಿದವು. 2016ರಲ್ಲಿ ಪ್ರಸ್ತಾವ 58ರ ಮೂಲಕ ಆ ನಿರ್ಬಂಧ ತೆರವಾಯಿತು. ಹದಿನೆಂಟು ವರ್ಷಗಳ ಅವಧಿ ಎಂದರೆ ಒಂದನೇ ತರಗತಿಗೆ ಸೇರಿದ ಮಗು ಓದು ಮುಗಿಸಿ ಶಿಕ್ಷಕಿಯಾಗಿ ಮರಳುವಷ್ಟು ಕಾಲ. ಈಗ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಕಲಿಸುವ ಶಾಲೆಗಳಿಗೆ ಎಲ್ಲೆಡೆ ಬೇಡಿಕೆ ಇದೆ, ಕಲಿಸುವವರು ಮಾತ್ರ ಸಿಗುತ್ತಿಲ್ಲ.

ಕಡಲತೀರ

ಇಬ್ಬರ ಬರಹಗಳನ್ನೂ ಗಮನವಿಟ್ಟು ಓದಿದೆ. ಮಾಹಿತಿಗೆ ನನ್ನ ತಕರಾರಿಲ್ಲ. ಆದರೆ ಅದರಿಂದ ತಾವು ತಲುಪುವ ನಿಲುವಿನ ಬಗ್ಗೆ ಗೌರವಪೂರ್ವಕವಾಗಿ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬಯಸುತ್ತೇನೆ.

ನಾನಿರುವುದು ಟೆಕ್ಸಾಸ್‌ನಲ್ಲಿ. ಇಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಲ್ಯಾಟಿನೋಗಳು. ಶಿಕ್ಷಕರಲ್ಲಿ ಅವರು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೂ ಈ ರಾಜ್ಯದ ಲ್ಯಾಟಿನೋ ಮಕ್ಕಳಿಗೆ ಸಿಕ್ಕ ಅತಿ ದೊಡ್ಡ ರಕ್ಷಣೆ ಪ್ರಾತಿನಿಧ್ಯದಿಂದ ಬಂದುದಲ್ಲ, ಕಾನೂನಿನಿಂದ ಬಂದುದು. 1975ರಲ್ಲಿ ಟೆಕ್ಸಾಸ್ ಶಾಸನಸಭೆ, ದಾಖಲೆಗಳಿಲ್ಲದೆ ಬಂದ ಮಕ್ಕಳ ಶಿಕ್ಷಣಕ್ಕೆ ರಾಜ್ಯದ ಹಣ ಕೊಡಬೇಕಿಲ್ಲ ಎಂಬ ಕಾನೂನು ಮಾಡಿತು. ಟೈಲರ್ ನಗರದ ಶಾಲೆಗಳು ಅಂಥ ಪ್ರತಿ ಮಗುವಿಗೆ ವರ್ಷಕ್ಕೆ 1,000 ಡಾಲರ್ ಶುಲ್ಕ ವಿಧಿಸಿದವು. ತೋಟಗಳಲ್ಲೂ ಮಾಂಸದ ಕಾರ್ಖಾನೆಗಳಲ್ಲೂ ದುಡಿಯುವವರಿಗೆ ಅದು ಶಾಲೆ ಬಿಡಿಸುವ ಆಜ್ಞೆಯೇ ಸರಿ. ಫೆಡರಲ್ ನ್ಯಾಯಾಧೀಶರಾದ ವಿಲಿಯಂ ವೇನ್ ಜಸ್ಟಿಸ್ ಆ ನೀತಿಯನ್ನು ತಡೆದರು. 1982ರಲ್ಲಿ ಪ್ಲೈಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ಆ ಮಕ್ಕಳ ಶಿಕ್ಷಣದ ಹಕ್ಕನ್ನು ಎತ್ತಿಹಿಡಿಯಿತು. ಆ ಪೀಠದಲ್ಲಿ ಲ್ಯಾಟಿನೋ ನ್ಯಾಯಮೂರ್ತಿ ಒಬ್ಬರೂ ಇರಲಿಲ್ಲ. ಸೋನಿಯಾ ಸೊಟೊಮಯೊರ್ ಬಂದದ್ದು 2009ರಲ್ಲಿ. ನ್ಯಾಯವಂತರಾದವರು ಯಾವ ಸಮುದಾಯದವರಾದರೂ ನ್ಯಾಯವನ್ನೇ ಕೊಡುತ್ತಾರೆ.

ಶಿಕ್ಷಕರ ಮನೆತನದ ಮೂಲವನ್ನು ಎಣಿಸುವುದು ಅಭ್ಯಾಸವಾದರೆ, ಚೆನ್ನಾಗಿ ಕಲಿಸುತ್ತಾರೆಯೇ ಎಂಬ ಮೊದಲ ಪ್ರಶ್ನೆ ಹಿಂದಕ್ಕೆ ಸರಿಯುತ್ತದೆ ಎಂಬ ಆತಂಕ ನನಗಿದೆ. ಒಬ್ಬ ತಂದೆಯಾಗಿ ಈ ಮಾತನ್ನು ಹೇಳುತ್ತಿದ್ದೇನೆ. ಯಾರ ಮೇಲಿನ ಅಸಮಾಧಾನದಿಂದಲೂ ಅಲ್ಲ.

ತುಂಗಾತೀರ

ಕಡಲತೀರ ಅವರೇ, ತಮ್ಮ ಆತಂಕ ಪ್ರಾಮಾಣಿಕವಾದದ್ದು ಎಂದು ನನಗೆ ಗೊತ್ತು. ಆದರೆ ಪ್ಲೈಲರ್ ಪ್ರಕರಣ ನ್ಯಾಯಪೀಠದ ವಿವೇಕದಿಂದ ಮಾತ್ರ ನಡೆದದ್ದಲ್ಲ. ಆ ಕುಟುಂಬಗಳ ಪರ ನಿಂತದ್ದು 1968ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಹುಟ್ಟಿದ ಮೆಕ್ಸಿಕನ್ ಅಮೆರಿಕನ್ ಲೀಗಲ್ ಡಿಫೆನ್ಸ್ ಅಂಡ್ ಎಜುಕೇಶನಲ್ ಫಂಡ್. ಹೆತ್ತವರ ಗುರುತು ಬಯಲಾಗದಿರಲೆಂದು ವಿಚಾರಣೆಯನ್ನು ಬೆಳಗಿನ ಆರು ಗಂಟೆಗೆ ಇಡಲಾಗಿತ್ತು. ಗಡೀಪಾರಾದರೂ ಆದೀತು ಎಂಬ ಭಯವಿದ್ದೂ ಅವರು ಬಂದು ಕುಳಿತರು. ಆ ವಕೀಲರ ಸಂಸ್ಥೆಯೂ ಆ ತಂದೆತಾಯಂದಿರೂ ಇಲ್ಲದಿದ್ದರೆ ನ್ಯಾಯಾಧೀಶರ ಮುಂದೆ ಪ್ರಕರಣವೇ ಬರುತ್ತಿರಲಿಲ್ಲ. ನನ್ನ ಪಾಲಿಗೆ ಅದೂ ಪ್ರಾತಿನಿಧ್ಯವೇ.

ಒಳ್ಳೆಯ ಶಿಕ್ಷಕರೇ ಮುಖ್ಯ ಎಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ. ಪೂರ್ವ ಲಾಸ್ ಏಂಜಲೀಸ್‌ನ ಗಾರ್‌ಫೀಲ್ಡ್ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಹೈಮೆ ಎಸ್ಕಲಾಂತೆ ಬೊಲಿವಿಯಾದಲ್ಲಿ ಹುಟ್ಟಿ ಅಲ್ಲೇ ಶಿಕ್ಷಕರಾಗಿದ್ದವರು. 1982ರಲ್ಲಿ ಅವರ 18 ವಿದ್ಯಾರ್ಥಿಗಳು ಕಾಲೇಜು ಮಟ್ಟದ ಕ್ಯಾಲ್ಕುಲಸ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಕೆಲವು ಉತ್ತರಗಳು ಒಂದೇ ರೀತಿ ಇವೆಯೆಂದು ಪರೀಕ್ಷಾ ಸಂಸ್ಥೆ ಅವರಲ್ಲಿ 14 ಮಂದಿಯ ಅಂಕಗಳನ್ನು ಪ್ರಶ್ನಿಸಿತು. 12 ಮಂದಿ ಮತ್ತೆ ಪರೀಕ್ಷೆ ಬರೆದರು. ಹನ್ನೆರಡು ಮಂದಿಯೂ ತೇರ್ಗಡೆಯಾದರು. ಅನುಕೂಲವಂತರ ಬಡಾವಣೆಯ ಶಾಲೆಯಾಗಿದ್ದರೆ ಅನುಮಾನ ಅಷ್ಟು ಬೇಗ ಹುಟ್ಟುತ್ತಿತ್ತೇ ಎಂಬ ಪ್ರಶ್ನೆಯನ್ನು ಎಸ್ಕಲಾಂತೆ ಅಂದೇ ಎತ್ತಿದ್ದರು.

ಆ ಶಾಲೆಗೆ ಅದಕ್ಕೂ ಹಿಂದಿನ ಒಂದು ಚರಿತ್ರೆಯಿದೆ. 1968ರ ಮಾರ್ಚ್‌ನಲ್ಲಿ ಗಾರ್‌ಫೀಲ್ಡ್, ರೂಸ್‌ವೆಲ್ಟ್, ಲಿಂಕನ್, ವಿಲ್ಸನ್, ಬೆಲ್‌ಮಾಂಟ್ ಹೈಸ್ಕೂಲುಗಳ ಸಾವಿರಾರು ವಿದ್ಯಾರ್ಥಿಗಳು ತರಗತಿಗಳಿಂದ ಹೊರನಡೆದರು. ಅವರ ಬೆನ್ನಿಗೆ ನಿಂತ ಶಿಕ್ಷಕ ಸಾಲ್ ಕಾಸ್ಟ್ರೊ. ಹುಡುಗರನ್ನು ಕೈಕಸುಬಿನ ತರಗತಿಗಳಿಗೇ ತಳ್ಳಬಾರದು, ಕಾಲೇಜಿಗೆ ಬೇಕಾದ ಪಾಠಗಳನ್ನು ಕೊಡಬೇಕು, ಮೆಕ್ಸಿಕನ್ ಅಮೆರಿಕನ್ ಇತಿಹಾಸ ಕಲಿಸಬೇಕು, ತಮ್ಮ ಸಮುದಾಯದ ಶಿಕ್ಷಕರನ್ನೂ ಆಡಳಿತಗಾರರನ್ನೂ ನೇಮಿಸಬೇಕು ಎಂಬುದು ಅವರ ಬೇಡಿಕೆ. ಕಾಸ್ಟ್ರೊ ಸೇರಿದಂತೆ 13 ಮಂದಿಯ ಮೇಲೆ ಒಳಸಂಚಿನ ಆರೋಪ ಹೊರಿಸಲಾಯಿತು. ಅದು ಮುಂದೆ ಬಿದ್ದುಹೋಯಿತು. ಒಳ್ಳೆಯ ಪಾಠ ಬೇಕೆಂಬುದನ್ನೂ ತಮ್ಮವರು ಕಲಿಸಬೇಕೆಂಬುದನ್ನೂ ಆ ಹುಡುಗರು ಒಂದೇ ಉಸಿರಿನಲ್ಲಿ ಕೇಳಿದ್ದರು; ಒಂದು ಸಿಕ್ಕರೆ ಇನ್ನೊಂದು ಕೈತಪ್ಪುತ್ತದೆಂಬ ಅಂಜಿಕೆ ಅವರಿಗೆ ಇರಲಿಲ್ಲ.

ನೇತ್ರಾವತಿ

ಶಾಲೆಯ ಚರ್ಚೆ ಚೆನ್ನಾಗಿ ನಡೆಯುತ್ತಿದೆ. ನಾನು ಸ್ಯಾನ್ ಹೊಸೆಯ ಒಂದು ಕಂಪನಿಯಲ್ಲಿ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡುತ್ತಿರುವುದರಿಂದ ಉದ್ಯೋಗದ ಕಡೆಯ ಸಂಗತಿಗಳನ್ನು ಹೇಳುತ್ತೇನೆ.

ದೇಶದ ದುಡಿಯುವವರಲ್ಲಿ ಐವರಲ್ಲಿ ಒಬ್ಬರು ಎನ್ನುವಷ್ಟು ಲ್ಯಾಟಿನೋಗಳಿದ್ದಾರೆ. ಕಟ್ಟಡ ನಿರ್ಮಾಣದಲ್ಲಿ ಅವರ ಪಾಲು ಸುಮಾರು ಮೂರನೇ ಒಂದು; ಕಂಪ್ಯೂಟರ್ ಸಂಬಂಧಿತ ಉದ್ಯೋಗಗಳಲ್ಲಿ ಹತ್ತನೇ ಒಂದಕ್ಕಿಂತ ಕಡಿಮೆ. ನೂರು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಯಾವ ಹುದ್ದೆಯಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆ ಎಂಬ ಲೆಕ್ಕವನ್ನು ಪ್ರತಿವರ್ಷ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ಸಲ್ಲಿಸಬೇಕು. ಕಂಪನಿಗಳು ಹೆಮ್ಮೆಯಿಂದ ಪ್ರಕಟಿಸುವ ವೈವಿಧ್ಯದ ವರದಿಗಳು ಬಹುಪಾಲು ಈ ಲೆಕ್ಕದಿಂದಲೇ ಬರುತ್ತವೆ. ಆದರೆ ಅದೇ ಆವರಣದಲ್ಲಿ ಸಂಜೆ ಬಂದು ನೆಲ ಒರೆಸುವವರು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರು, ಬಾಗಿಲಲ್ಲಿ ಕಾವಲು ನಿಲ್ಲುವವರು ಗುತ್ತಿಗೆ ಸಂಸ್ಥೆಗಳ ನೌಕರರು. ಅವರ ಹೆಸರು ಗುತ್ತಿಗೆದಾರನ ಲೆಕ್ಕಕ್ಕೆ ಹೋಗುತ್ತದೆ, ಕಂಪನಿಯ ವರದಿಗೆ ಬರುವುದಿಲ್ಲ. ಇಡೀ ಕಟ್ಟಡದಲ್ಲಿ ಲ್ಯಾಟಿನೋ ಜನ ಹೆಚ್ಚಾಗಿ ಇರುವ ಕೆಲಸಗಳು ಹೀಗೆ ಎಣಿಕೆಯಿಂದಲೇ ಹೊರಗುಳಿಯುತ್ತವೆ. ವರದಿಯಲ್ಲಿ ಏಷ್ಯನ್ನರ ಪಾಲು ಏರಿದ್ದನ್ನು ಕಂಡು ವೈವಿಧ್ಯ ಸಾಧಿಸಿದೆವು ಎಂದು ನಮ್ಮವರು ಭಾವಿಸುವುದು ನನಗೆ ತೀರ ಬೇಸರ ತರಿಸುತ್ತದೆ.

ಈ ಕಾರ್ಮಿಕರು ಸುಮ್ಮನೆ ಕುಳಿತವರಲ್ಲ. 1990ರ ಜೂನ್ 15ರಂದು ಲಾಸ್ ಏಂಜಲೀಸ್‌ನ ಸೆಂಚುರಿ ಸಿಟಿಯಲ್ಲಿ ಮೆರವಣಿಗೆ ಹೊರಟ ಶುಚಿತ್ವ ಕಾರ್ಮಿಕರನ್ನು ಪೊಲೀಸರು ಲಾಠಿಯಿಂದ ಹೊಡೆದರು. ಅವರಲ್ಲಿ ಹಲವರು ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾಗಳಿಂದ ಬಂದವರು. ಆ ದೃಶ್ಯಗಳನ್ನು ಕಂಡು ಜನಾಭಿಪ್ರಾಯ ತಿರುಗಿತು, ಗುತ್ತಿಗೆ ಸಂಸ್ಥೆ ಸಂಘದೊಡನೆ ಒಪ್ಪಂದಕ್ಕೆ ಬಂತು. ಇಂದಿಗೂ ಜೂನ್ 15ನ್ನು ಆ ಕಾರ್ಮಿಕರ ದಿನವಾಗಿ ಆಚರಿಸುತ್ತಾರೆ.

ಕೆಲಸದ ಜಾಗದಲ್ಲಿ ಯಾವ ಭಾಷೆ ಆಡಬೇಕು ಎಂಬುದು ಇನ್ನೂ ಜಟಿಲವಾದ ವಿಷಯ. ದಕ್ಷಿಣ ಸ್ಯಾನ್ ಫ್ರಾನ್ಸಿಸ್ಕೋದ ಸ್ಪನ್ ಸ್ಟೇಕ್ ಎಂಬ ಮಾಂಸ ಸಂಸ್ಕರಣಾ ಕಂಪನಿಯ 33 ನೌಕರರಲ್ಲಿ 24 ಮಂದಿ ಸ್ಪ್ಯಾನಿಷ್ ಭಾಷಿಕರು. ಕೆಲವರು ಕಪ್ಪು ಜನಾಂಗದ ಮತ್ತು ಚೀನೀ ಮೂಲದ ಸಹೋದ್ಯೋಗಿಗಳನ್ನು ಸ್ಪ್ಯಾನಿಷ್‌ನಲ್ಲಿ ನಿಂದಿಸುತ್ತಾರೆ ಎಂಬ ದೂರು ಬಂದಾಗ ಕಂಪನಿ ಕೆಲಸದ ವೇಳೆಯಲ್ಲಿ ಇಂಗ್ಲಿಷ್ ಮಾತ್ರ ಆಡಬೇಕೆಂಬ ನಿಯಮ ತಂದಿತು. ಇಂಥ ನಿಯಮಗಳನ್ನು ಅನುಮಾನದಿಂದ ನೋಡಬೇಕೆಂದು ಸಮಾನ ಉದ್ಯೋಗಾವಕಾಶ ಆಯೋಗದ ಮಾರ್ಗಸೂಚಿ ಹೇಳಿತ್ತು. ಆದರೂ 1993ರಲ್ಲಿ ಮೇಲ್ಮನವಿ ನ್ಯಾಯಾಲಯ, ಎರಡೂ ಭಾಷೆ ಬಲ್ಲವರಿಗೆ ಇದರಿಂದ ಹಾನಿಯಿಲ್ಲ ಎಂದು ಕಂಪನಿಯ ಪರ ನಿಂತಿತು. ನಿಂದಿಸಿದವರನ್ನು ಶಿಸ್ತಿಗೆ ಒಳಪಡಿಸುವುದನ್ನು ಬಿಟ್ಟು ಎಲ್ಲರ ಬಾಯಿಗೂ ಬೀಗ ಹಾಕಿದ ನಿಯಮ ಅದು ಎಂದು ನಾನು ಭಾವಿಸುತ್ತೇನೆ. ತಮ್ಮ ತಂಡದಲ್ಲಿ ಕನ್ನಡದಲ್ಲೋ ತೆಲುಗಿನಲ್ಲೋ ಎರಡು ಮಾತಾಡುವ ನಮ್ಮ ಎಂಜಿನಿಯರುಗಳಿಗೂ ಈ ತೀರ್ಪು ಅಷ್ಟೇ ಅನ್ವಯಿಸುತ್ತದೆ; ಅದೇ ಹೊತ್ತಿಗೆ ಆ ಭಾಷೆ ಅರಿಯದ ಸಹೋದ್ಯೋಗಿಯನ್ನು ಹೊರಗಿಟ್ಟು ಮಾತಾಡುವುದು ಸರಿಯೇ ಎಂಬ ಪ್ರಶ್ನೆಯೂ ನಮಗೆ ಅನ್ವಯಿಸುತ್ತದೆ.

ಮಲೆನಾಡಿಗ

ನೇತ್ರಾವತಿ ಅವರ ಮಾತಿಗೆ ಹೊಲದ ಒಂದು ಉದಾಹರಣೆ ಸೇರಿಸುತ್ತೇನೆ. ಸಲೀನಾಸ್ ಕಣಿವೆಯ ಲೆಟಿಸ್ ಹೊಲಗಳಲ್ಲಿ ಕಳೆ ತೆಗೆಯಲು ಬಹುಕಾಲ ಗಿಡ್ಡ ಹಿಡಿಯ ಗುದ್ದಲಿಯನ್ನು ಕೊಡುತ್ತಿದ್ದರು. ಹಿಡಿ ಎರಡು ಅಡಿಗಿಂತ ಉದ್ದವಿರುತ್ತಿರಲಿಲ್ಲ. ಅದನ್ನು ಹಿಡಿದವರು ದಿನವಿಡೀ ಸೊಂಟ ಮುರಿದು ಬಗ್ಗಿಯೇ ಇರಬೇಕು. ಉದ್ದ ಹಿಡಿಯಿಂದ ಬೆಳೆ ಕೆಡುತ್ತದೆ ಎಂಬುದು ಮಾಲೀಕರ ವಾದ. ಬಗ್ಗಿದವರು ಯಾರು, ಸೆಟೆದು ನಿಂತವರು ಯಾರು ಎಂಬುದು ಮೇಸ್ತ್ರಿಗೆ ದೂರದಿಂದಲೇ ಕಾಣುತ್ತದೆ ಎಂಬುದು ಕೂಲಿಯವರ ಅನುಭವ. ಬೆನ್ನುಮೂಳೆ ಕೆಟ್ಟ ಕಾರ್ಮಿಕರು ಗ್ರಾಮೀಣ ಕಾನೂನು ನೆರವು ಸಂಸ್ಥೆಯ ವಕೀಲರ ಮೂಲಕ ದೂರು ಕೊಟ್ಟರು. ಕೈಗಾರಿಕಾ ಸುರಕ್ಷತೆಯ ಅಧಿಕಾರಿಗಳು ಅದು ಅಸುರಕ್ಷಿತ ಸಾಧನವಲ್ಲ ಎಂದು ದೂರನ್ನು ತಳ್ಳಿಹಾಕಿದರು. 1975ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಆ ನಿರ್ಧಾರ ತಪ್ಪೆಂದಿತು, ಅದೇ ವರ್ಷ ಗುದ್ದಲಿ ನಿಷೇಧವಾಯಿತು. ಲೆಟಿಸ್ ಬೆಳೆ ಇಂದಿಗೂ ಚೆನ್ನಾಗಿಯೇ ಬರುತ್ತಿದೆ. ಕೃಷಿಕರ ಮನೆಯಲ್ಲಿ ಹುಟ್ಟಿ, ಕಳೆ ತೆಗೆಯುವುದೆಂದರೆ ಏನೆಂದು ಬಲ್ಲ ನನಗೆ ಆ ಅಧಿಕಾರಿಗಳಲ್ಲಿ ಒಬ್ಬರಾದರೂ ಒಂದು ಸಾಲು ಕಳೆ ತೆಗೆದು ನೋಡಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ.

ಕಾವೇರಿಬಯಲು

ಎಲ್ಲರೂ ಲ್ಯಾಟಿನೋ ಎಂದು ಒಂದೇ ಗುಂಪಾಗಿ ಬರೆಯುತ್ತಿದ್ದೀರಿ. ಆ ಗುಂಪಿನ ಒಳಗಿನ ಭೇದಗಳನ್ನು ಕಾಣದಿದ್ದರೆ ಚರ್ಚೆ ಅರ್ಧಕ್ಕೇ ನಿಲ್ಲುತ್ತದೆ. ಮೆಂಡೆಸ್ ದಂಪತಿಯಲ್ಲೇ ಗೊನ್ಸಾಲೊ ಮೆಕ್ಸಿಕೋದಲ್ಲಿ ಹುಟ್ಟಿದವರು, ಪತ್ನಿ ಫೆಲಿಸಿತಾಸ್ ಅಮೆರಿಕದ ಆಳ್ವಿಕೆಯಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದವರು. ಪೋರ್ಟೊ ರಿಕೊದ ಜನ 1917ರಿಂದಲೇ ಅಮೆರಿಕದ ಪೌರರು. ವೀಸಾ, ದಾಖಲೆಗಳ ಚಿಂತೆ ಅವರಿಗಿಲ್ಲ. ಆದರೂ ನ್ಯೂಯಾರ್ಕಿನ ಶಾಲೆಗಳಲ್ಲಿ ತಮ್ಮ ಮಕ್ಕಳು ಹಿಂದೆ ಬೀಳುತ್ತಿದ್ದುದನ್ನು ಕಂಡು ಆಂತೋನಿಯಾ ಪಂತೋಹಾ 1961ರಲ್ಲಿ ಅಸ್ಪಿರಾ ಸಂಸ್ಥೆ ಕಟ್ಟಿದರು. ಆ ಸಂಸ್ಥೆಯ ಮೊಕದ್ದಮೆಯ ಫಲವಾಗಿ 1974ರಲ್ಲಿ ನಗರ ದ್ವಿಭಾಷಾ ಶಿಕ್ಷಣಕ್ಕೆ ಒಪ್ಪಿಕೊಳ್ಳಬೇಕಾಯಿತು. ಇನ್ನು ಕಪ್ಪು ವರ್ಣದ ಡೊಮಿನಿಕನ್ನರ ಅನುಭವವೇ ಬೇರೆ.

ನಾನು ವೆಂಚುರಾ ಕೌಂಟಿಯಲ್ಲಿ ಇದ್ದೇನೆ. ಇಲ್ಲಿನ ಸ್ಟ್ರಾಬೆರಿ ಹೊಲಗಳಲ್ಲಿ ದುಡಿಯುವವರಲ್ಲಿ ಮೆಕ್ಸಿಕೋದ ಒವಾಹಾಕಾ ಮತ್ತು ಗೆರೆರೊ ಪ್ರಾಂತಗಳ ಮೂಲನಿವಾಸಿಗಳು ಬಹಳ. ಅವರ ಮನೆಮಾತು ಮಿಶ್ಟೆಕೋ. ಅನೇಕರಿಗೆ ಸ್ಪ್ಯಾನಿಷ್ ಸರಿಯಾಗಿ ಬರುವುದಿಲ್ಲ. ಅಂಥ ತಾಯಿಯೊಬ್ಬರು ಶಾಲೆಗೋ ಆಸ್ಪತ್ರೆಗೋ ಬಂದಾಗ ಸ್ಪ್ಯಾನಿಷ್ ದುಭಾಷಿಯನ್ನು ಕೂರಿಸಿ, ಎಲ್ಲ ವ್ಯವಸ್ಥೆ ಮಾಡಿದ್ದೇವೆ ಎಂದು ಸಿಬ್ಬಂದಿ ಸಮಾಧಾನಪಟ್ಟುಕೊಳ್ಳುತ್ತಾರೆ. ತಾಯಿ ಎಲ್ಲದಕ್ಕೂ ತಲೆಯಾಡಿಸಿ ಹೋಗುತ್ತಾರೆ. ಈ ಮಕ್ಕಳ ಕುಳ್ಳ ಮೈಕಟ್ಟನ್ನೂ ಬಣ್ಣವನ್ನೂ ಹಿಡಿದು ಹೀಯಾಳಿಸುತ್ತಿದ್ದವರಲ್ಲಿ ಇತರ ಮೆಕ್ಸಿಕನ್ ಮಕ್ಕಳೇ ಹೆಚ್ಚು. 2012ರಲ್ಲಿ ಮಿಶ್ಟೆಕೋ ಸಮುದಾಯದ ಸಂಘಟನೆಯ ಒತ್ತಾಯದಿಂದ ಆಕ್ಸ್‌ನಾರ್ಡ್ ಶಾಲಾ ಜಿಲ್ಲೆ ಆ ಹೀಯಾಳಿಕೆಯ ಪದಗಳನ್ನು ಶಾಲೆಗಳಲ್ಲಿ ನಿಷೇಧಿಸಿತು. ಹತ್ತು ವರ್ಷಗಳ ನಂತರ, 2022ರ ಅಕ್ಟೋಬರ್‌ನಲ್ಲಿ, ಲಾಸ್ ಏಂಜಲೀಸ್ ನಗರಸಭೆಯ ಲ್ಯಾಟಿನೋ ಸದಸ್ಯರು ಖಾಸಗಿಯಾಗಿ ಆಡಿದ ಮಾತುಗಳ ಧ್ವನಿಮುದ್ರಣ ಬಯಲಾಯಿತು. ಅದರಲ್ಲಿ ಒವಾಹಾಕಾ ಜನರ ಬಗ್ಗೆ ಅವಹೇಳನವಿತ್ತು. ನಗರಸಭೆಯ ಅಧ್ಯಕ್ಷೆ ನ್ಯೂರಿ ಮಾರ್ಟಿನೆಜ್ ರಾಜೀನಾಮೆ ಕೊಡಬೇಕಾಯಿತು.

ಸಮುದಾಯದ ಒಬ್ಬರು ಅಧಿಕಾರದಲ್ಲಿ ಕುಳಿತ ಮಾತ್ರಕ್ಕೆ ಆ ಸಮುದಾಯದ ಕಟ್ಟಕಡೆಯವರ ಮಾತು ಅಲ್ಲಿಗೆ ತಲುಪುವುದಿಲ್ಲ. ಮೀಸಲಾತಿಯ ಒಳಗೂ ಒಳಮೀಸಲಾತಿಯ ಬೇಡಿಕೆ ಏಕೆ ಬಂತೆಂದು ಬಲ್ಲ ಕರ್ನಾಟಕದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಡಲತೀರ

ಕಾವೇರಿಬಯಲು ಅವರು ಹೇಳಿದ್ದು ನನ್ನ ಆತಂಕದ ಇನ್ನೊಂದು ಮುಖ. ಹೆಸರು ನೋಡಿ ಎಣಿಸಿದರೆ ಮಿಶ್ಟೆಕೋ ಮಗುವೂ ನಗರಸಭೆಯ ಅಧ್ಯಕ್ಷೆಯೂ ಒಂದೇ ಕಾಲಂನಲ್ಲಿ ಬೀಳುತ್ತಾರೆ. ಆದ್ದರಿಂದಲೇ ಎಣಿಕೆಗಿಂತ ನಿಯಮಗಳನ್ನು ಸರಿಪಡಿಸುವುದು ಮೇಲು ಎಂಬ ನನ್ನ ನಿಲುವು ಉಳಿದಿದೆ. ಸಂಬಳವಿಲ್ಲದ 600 ಗಂಟೆಗಳ ತರಬೇತಿಯ ಬಗ್ಗೆ ಬಯಲುಸೀಮೆ ಅವರು ಹೇಳಿದ್ದನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ತರಬೇತಿಗೆ ಸಂಬಳ ಕೊಟ್ಟರೆ ಬಡವರೆಲ್ಲರಿಗೂ ದಾರಿ ತೆರೆಯುತ್ತದೆ. ಲ್ಯಾಟಿನೋ ಶಿಕ್ಷಕರ ಸಂಖ್ಯೆಯೂ ತಾನಾಗಿ ಏರುತ್ತದೆ. 2023ರಲ್ಲಿ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ತಡೆದಿದೆ. 2025ರ ಜನವರಿಯಲ್ಲಿ, ಫೆಡರಲ್ ಗುತ್ತಿಗೆದಾರರಿಗೆ ಸಂಬಂಧಿಸಿದ 1965ರ ಸಮಾನಾವಕಾಶದ ಆದೇಶವೂ ರದ್ದಾಗಿದೆ. ಈ ಪರಿಸ್ಥಿತಿಯಲ್ಲಿ ಕಾನೂನಿನ ಮುಂದೆ ಗಟ್ಟಿಯಾಗಿ ನಿಲ್ಲುವ ದಾರಿಯೂ ಇದೇ.

ತುಂಗಾತೀರ

ಆ ದಾರಿಯಲ್ಲಿ ನಾವಿಬ್ಬರೂ ಜೊತೆಗೇ ನಡೆಯಬಹುದು. ಆದರೆ ನಿಯಮ ಎಲ್ಲರಿಗೂ ಒಂದೇ ಎಂದು ಬರೆದಿದ್ದರೂ ಅದು ಯಾರನ್ನು ಗುರಿಯಾಗಿಸಿದೆ ಎಂಬುದನ್ನು ಗುರುತಿಸಬಲ್ಲವರು ಬೇಕಾಗುತ್ತದೆ. ಅರಿಜೋನಾದ ಟೂಸಾನ್ ಶಾಲೆಗಳಲ್ಲಿ ಮೆಕ್ಸಿಕನ್ ಅಮೆರಿಕನ್ ಅಧ್ಯಯನದ ಪಾಠಗಳಿದ್ದವು. 2010ರಲ್ಲಿ ರಾಜ್ಯ, ಯಾವುದೇ ಒಂದು ಜನಾಂಗದವರಿಗಾಗಿ ರೂಪಿಸಿದ ಪಾಠ ಇರಕೂಡದು ಎಂಬ ಸಾಮಾನ್ಯ ಮಾತಿನಲ್ಲಿ ಕಾನೂನು ಮಾಡಿತು. 2012ರ ಜನವರಿಯಲ್ಲಿ ನಿಂತುಹೋದದ್ದು ಮಾತ್ರ ಆ ಒಂದೇ ಪಾಠಕ್ರಮ. ಆ ಕಾನೂನು ಜನಾಂಗ ದ್ವೇಷದಿಂದ ಪ್ರೇರಿತವಾದದ್ದು ಎಂದು 2017ರಲ್ಲಿ ತೀರ್ಪಿತ್ತವರು ನ್ಯಾಯಾಧೀಶ ವ್ಯಾಲೆಸ್ ತಾಶಿಮಾ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಲಕ ತಾಶಿಮಾರನ್ನು ಜಪಾನಿ ಮೂಲದವರೆಂಬ ಕಾರಣಕ್ಕೆ ಅರಿಜೋನಾದ ಪೋಸ್ಟನ್ ಶಿಬಿರದಲ್ಲಿ ಕೂಡಿಹಾಕಿದ್ದರು. ಮೆಂಡೆಸ್ ಕುಟುಂಬ ವೆಸ್ಟ್‌ಮಿನ್‌ಸ್ಟರ್‌ಗೆ ಬಂದದ್ದು ಮುನೆಮಿತ್ಸು ಎಂಬ ಜಪಾನಿ ಮನೆತನದ ಜಮೀನನ್ನು ಗುತ್ತಿಗೆಗೆ ಪಡೆದು. ಮುನೆಮಿತ್ಸು ಅವರನ್ನೂ ಪೋಸ್ಟನ್‌ಗೇ ಕಳಿಸಲಾಗಿತ್ತು. ತೀರ್ಪು ಸಾಕ್ಷ್ಯದ ಮೇಲೆಯೇ ನಿಂತಿತು, ನಿಜ. ಆದರೂ ಸಾಮಾನ್ಯ ಮಾತಿನ ಆಜ್ಞೆಯೊಂದು ಯಾರ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಬಾಲ್ಯದಲ್ಲೇ ಕಂಡವರು ಆ ಪೀಠದಲ್ಲಿ ಇದ್ದರು ಎಂಬುದನ್ನು ನಾನು ಲಘುವಾಗಿ ಕಾಣಲಾರೆ.

ಬಯಲುಸೀಮೆ

ಕೊನೆಯದಾಗಿ ನಮ್ಮ ತಂದೆತಾಯಂದಿರಿಗೆ ನೇರವಾಗಿ ಸಂಬಂಧಿಸಿದ ಒಂದು ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂಬ ನಮೂನೆ ತುಂಬಿಸುತ್ತಾರೆ. ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇರುತ್ತದೆ. ಅದನ್ನು ತಪ್ಪಿಸಲು ಇಂಗ್ಲಿಷ್ ಎಂದೇ ಬರೆಯಿರಿ ಎಂದು ನಮ್ಮವರು ಒಬ್ಬರಿಗೊಬ್ಬರು ಸಲಹೆ ಕೊಡುವುದನ್ನು ಕೇಳಿದ್ದೇನೆ. ಭಾಷೆ ಅರ್ಥವಾಗದ ತರಗತಿಯಲ್ಲಿ ಮಗುವನ್ನು ಸುಮ್ಮನೆ ಕೂರಿಸುವುದು ಸಮಾನ ಶಿಕ್ಷಣವಲ್ಲ ಎಂದು 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇಂಥ ವ್ಯವಸ್ಥೆ ಬೆಳೆಯಿತು. ನಮ್ಮ ಮಕ್ಕಳಲ್ಲಿ ಬಹುಪಾಲು ಬೇಗನೆ ಇಂಗ್ಲಿಷ್ ಕಲಿಯುವವರ ಪಟ್ಟಿಯಿಂದ ಹೊರಬರುತ್ತಾರೆ. ಆರು ವರ್ಷ ದಾಟಿದರೂ ಅದರಲ್ಲೇ ಉಳಿದು, ಇಂಗ್ಲಿಷ್‌ನ ಹೆಚ್ಚುವರಿ ತರಗತಿಗಾಗಿ ಸಂಗೀತವನ್ನೋ ವಿಜ್ಞಾನದ ಆಯ್ಕೆಯನ್ನೋ ಬಿಟ್ಟುಕೊಡುವವರು ಹೆಚ್ಚಾಗಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳು. ಅವರಲ್ಲಿ ಅನೇಕರು ಇಲ್ಲೇ ಹುಟ್ಟಿದವರು.

ಇಂಗ್ಲಿಷ್ ಕಲಿಯುವ ಮಕ್ಕಳು 21 ಅಥವಾ ಹೆಚ್ಚು ಇರುವ ಪ್ರತಿ ಶಾಲೆಯಲ್ಲೂ ಅಂಥ ಮಕ್ಕಳ ಪೋಷಕರ ಸಲಹಾ ಸಮಿತಿ ಇರಲೇಬೇಕೆಂಬ ನಿಯಮವಿದೆ. ಕನ್ನಡ ಎಂದು ಸತ್ಯವನ್ನೇ ಬರೆದ ಪೋಷಕರೂ ಅದರ ಸದಸ್ಯರಾಗಬಹುದು, ಸಭೆಯಲ್ಲಿ ಮಾತಾಡಬಹುದು. ಲ್ಯಾಟಿನೋ ಪೋಷಕರಿಗೆ ಸಭೆಯ ಹೊತ್ತಿಗೆ ಕೆಲಸ ಬಿಟ್ಟು ಬರಲು ಆಗದಿದ್ದರೆ ಸಭೆಯನ್ನು ಸಂಜೆಗೆ ಇಡುವಂತೆ ಕೇಳಬಹುದು. ಐದನೇ ತರಗತಿ ಮುಗಿಯುವಷ್ಟರಲ್ಲಿ ಎಷ್ಟು ಮಕ್ಕಳು ಪಟ್ಟಿಯಿಂದ ಹೊರಬಂದರು, ಉಳಿದವರಿಗೆ ಯಾವ ಪಾಠಗಳು ತಪ್ಪಿಹೋಗುತ್ತಿವೆ, ಸಹಾಯಕಿಯರಿಗೆ ಶಿಕ್ಷಕರಾಗುವ ನೆರವಿನ ಯೋಜನೆಯಲ್ಲಿ ನಮ್ಮ ಶಾಲಾ ಜಿಲ್ಲೆ ಸೇರಿದೆಯೇ ಎಂಬ ಮೂರು ಪ್ರಶ್ನೆಗಳನ್ನು ನಾನಂತೂ ಪ್ರತಿವರ್ಷ ಕೇಳುತ್ತೇನೆ. ಬೇರೆ ಊರುಗಳ ಸದಸ್ಯರು ತಮ್ಮ ಶಾಲೆಗಳಲ್ಲಿ ಕೇಳಿ, ಸಿಕ್ಕ ಉತ್ತರಗಳನ್ನು ಇಲ್ಲಿ ಬರೆಯಬೇಕೆಂದು ವಿನಂತಿ.